ಒಂಟಿ ಜೇನ್ನೊಣಗಳ ಮೇಲೆ ಕೀಟನಾಶಕದ ಪರಿಣಾಮ

ಗೇರುಹೂವಿನ ಪರಾಗ ಅಂಟಂಟು, ಗಾಳಿಗೆ ಅಷ್ಟಾಗಿ ಹಾರುವುದಿಲ್ಲ. ಕಾಯಿ ಕಚ್ಚಬೇಕಾದರೆ ನೊಣವೇ ಬರಬೇಕು. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ವಿಜ್ಞಾನಿಗಳು ಗುರುತಿಸಿದ ಪರಾಗವಾಹಕಗಳಲ್ಲಿ ತುಡುವೆ ಜೇನಿನ ಜೊತೆಗೆ ಸ್ಯೂಡಾಪಿಸ್, ಲೇಸಿಯೊಗ್ಲಾಸಮ್, ಸೆರಟಿನಾ ಕುಲಗಳ ಪುಟ್ಟ ನೊಣಗಳೂ ಇವೆ. ಇಂಥವುಗಳಲ್ಲಿ ಹೆಚ್ಚಿನವು ಒಂಟಿ ಬಾಳಿನವು, ರಾಣಿಯಿಲ್ಲ, ಎರಿಯಿಲ್ಲ. ಹೆಣ್ಣು ತಾನೇ ಗೂಡು ತೋಡಿ, ಪರಾಗಕ್ಕೆ ಮಕರಂದ ಕಲಸಿ ಉಂಡೆ ಕಟ್ಟಿ, ಅದರ ಮೇಲೊಂದು ಮೊಟ್ಟೆಯಿಟ್ಟು ಕೋಣೆಯ ಬಾಯಿ ಮುಚ್ಚುತ್ತದೆ. ಸೆರಟಿನಾ ಒಣಕಡ್ಡಿಯ ತಿರುಳು ಕೊರೆಯುತ್ತದೆ, ಸ್ಯೂಡಾಪಿಸ್ ನೆಲ ಅಗೆಯುತ್ತದೆ.

ತುಡುವೆಯ ಪೆಟ್ಟಿಗೆಯಲ್ಲಿ ನೂರು ನೊಣ ಸತ್ತರೂ ಕುಟುಂಬ ಸುಧಾರಿಸಿಕೊಂಡೀತು. ಒಂಟಿ ಹೆಣ್ಣು ಸತ್ತರೆ ಗೂಡು ಅಲ್ಲಿಗೇ ಮುಗಿಯಿತು. ಆದರೂ ಕೀಟನಾಶಕದ ಅಪಾಯ ಅಳೆಯುವುದು ಬಹುಪಾಲು ಪೆಟ್ಟಿಗೆ ಜೇನಿನ ಮೇಲೆಯೇ.

ಆ ಅಳತೆ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದು ಸ್ವೀಡನ್ನಿನಲ್ಲಿ ಗೊತ್ತಾಯಿತು. ಕ್ಲೋಥಿಯಾನಿಡಿನ್ ಲೇಪಿಸಿದ ಬೀಜ ಬಿತ್ತಿದ ಎಣ್ಣೆಕಾಳಿನ ಹೊಲಗಳಲ್ಲಿ ಆಸ್ಮಿಯಾ ಎಂಬ ಒಂಟಿ ನೊಣ ಒಂದು ಕೋಣೆಯನ್ನೂ ಕಟ್ಟಲಿಲ್ಲ. ಪಕ್ಕದಲ್ಲೇ ಇಟ್ಟ ಜೇನು ಕುಟುಂಬಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಈ ವರದಿ ಬಂದದ್ದು 2015ರಲ್ಲಿ. ನೆಲಗೂಡಿನವುಗಳ ಪಾಡು ಇನ್ನೂ ಕಷ್ಟ, ಏಕೆಂದರೆ ಅವು ವಿಷವಿಳಿದ ಮಣ್ಣಿನಲ್ಲೇ ಇರುತ್ತವೆ. ಕೆನಡಾದಲ್ಲಿ ಬುಡಕ್ಕೆ ಇಮಿಡಾಕ್ಲೋಪ್ರಿಡ್ ಸುರಿದ ಕುಂಬಳದ ಬಳ್ಳಿಗಳ ನಡುವೆ ಸ್ಕ್ವಾಷ್ ನೊಣಗಳು ಶೇ. 85ರಷ್ಟು ಕಡಿಮೆ ಗೂಡು ತೋಡಿದವು ಎಂದು 2021ರ ಅಧ್ಯಯನ ಹೇಳುತ್ತದೆ.

ಮತ್ತೆ ಗೇರಿಗೆ ಬರೋಣ. ಕಾಸರಗೋಡಿನ ಗೇರು ಗುಡ್ಡಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿತು. ಗುರಿ ಗೇರಿನ ಪೀಡೆಯಾದ ಟೀ ಸೊಳ್ಳೆ ಎಂಬ ತಿಗಣೆ. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಊರುಗಳ ಜನ ಕಾಯಿಲೆಗಳಿಂದ ನರಳಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಜೇನಿಗೆ ಇದು ಸೌಮ್ಯ ಎಂಬುದೂ ಈ ವಿಷದ ಪರವಾದ ವಕಾಲತ್ತಿನಲ್ಲಿ ಒಂದಂಶವಾಗಿತ್ತು! ಸುಪ್ರೀಂ ಕೋರ್ಟ್ 2011ರಲ್ಲಿ ಅದಕ್ಕೆ ದೇಶಾದ್ಯಂತ ತಡೆ ಹಾಕಿತು.

ಟೀ ಸೊಳ್ಳೆಗೆ ಚಿಗುರು, ಹೂ, ಕಾಯಿ ಹಂತಗಳಲ್ಲಿ ಮದ್ದು ಬಿಡುವ ರೂಢಿ ಈಗಲೂ ಇದೆ. ನೊಣ ಗೂಡು ಸೇರಿದ ಮೇಲೆ, ಸಂಜೆ ಬಿಡಿ ಎಂಬ ಸಲಹೆ ತುಡುವೆಗೆ ಸರಿ. ಬದನೆ, ಟೊಮೆಟೊ ಹೂವನ್ನು ಝೇಂಕರಿಸಿ ಅಲುಗಿಸುವ ನೀಲಿಪಟ್ಟೆಯ ಅಮೆಜಿಲ್ಲಾ ಎಂಬ ಒಂಟಿ ನೊಣದ ಗಂಡುಗಳಿಗೆ ಮಾತ್ರ ಗೂಡೇ ಇಲ್ಲ. ಕತ್ತಲಾಗುವ ಹೊತ್ತಿಗೆ ಕಡ್ಡಿ ಕಚ್ಚಿ ಅಲ್ಲೇ ನಿದ್ದೆ ಹೋಗುತ್ತವೆ. ಮದ್ದಿಲ್ಲದೆಯೇ ಟೀ ಸೊಳ್ಳೆಯನ್ನು ಹಿಡಿದು ತಿನ್ನುವ ಚಗಳಿ ಇರುವೆ ಗೇರುಮರದಲ್ಲೇ ಎಲೆ ಹೊಲಿದು ಗೂಡು ಕಟ್ಟುತ್ತದೆ. ಕೊಯ್ಯುವವರ ಕೈ ಕಚ್ಚುತ್ತದೆಂದು ಅದಕ್ಕೂ ಮದ್ದು ಬೀಳುವುದುಂಟು.