ಜಾತಿ ಕೇಳಲ್ಲ, ಕೇರಿ ಕೇಳ್ತಾರೆ

ಬಾಡಿಗೆ ಮನೆ ಹುಡುಕಿದ ನಮ್ಮವರಿಗೆಲ್ಲ ಗೊತ್ತು. ಓನರ್ ನೇರವಾಗಿ ಜಾತಿ ಕೇಳಲ್ಲ. "ಯಾವೂರು? ಊರಲ್ಲಿ ಮನೆ ಯಾವ ಕಡೆ? ನಾನ್‌ವೆಜ್ ಮಾಡ್ತೀರಾ?" ಮೂರೇ ಪ್ರಶ್ನೆ, ಬೇಕಾದ ಉತ್ತರ ಸಿಕ್ಕಿಬಿಡುತ್ತೆ. ಅಮೆರಿಕದ ಜೈಲುಗಳಲ್ಲಿ ಈ ಕೆಲಸವನ್ನು ಅಂಕಪಟ್ಟಿಗೆ ಒಪ್ಪಿಸಿ ನೂರು ವರ್ಷವಾಗ್ತಾ ಬಂತು.

1928ರಲ್ಲಿ ಶಿಕಾಗೋದ ಸಮಾಜಶಾಸ್ತ್ರಜ್ಞ ಅರ್ನೆಸ್ಟ್ ಬರ್ಜೆಸ್, ಇಲಿನಾಯ್ ಜೈಲುಗಳಿಂದ ಪೆರೋಲ್ ಮೇಲೆ ಹೊರಬಂದ 3,000 ಜನರ ಕಡತ ನೋಡಿ 21 ಅಂಶಗಳ ಪಟ್ಟಿ ಮಾಡಿದರು. ಯಾರನ್ನು ಬಿಟ್ಟರೆ ಮತ್ತೆ ತಪ್ಪು ಮಾಡ್ತಾನೆ ಅಂತ ಮೊದಲೇ ಹೇಳುವ ಲೆಕ್ಕ. ಮಾಡಿದ ಅಪರಾಧದ ಜೊತೆಗೆ ಅಪ್ಪ ಯಾವ ದೇಶದ ಮೂಲದವನು, ಎಂಥ ಬಡಾವಣೆಯಲ್ಲಿದ್ದ ಎಂಬುದೂ ಆ ಪಟ್ಟಿಯಲ್ಲಿತ್ತು.

ಈಗಿನ 'ಕಂಪಾಸ್' ಸಾಫ್ಟ್‌ವೇರಿನ 137 ಪ್ರಶ್ನೆಗಳಲ್ಲಿ ಕರಿಯರಾ ಬಿಳಿಯರಾ ಅಂತ ಎಲ್ಲೂ ಇಲ್ಲ. ಅಪ್ಪ ಅಮ್ಮ ಜೈಲಿಗೆ ಹೋಗಿದ್ದರಾ, ಸ್ನೇಹಿತರು ಎಂಥವರು ಅಂತ ಇದೆ. 2016ರಲ್ಲಿ ಪ್ರೊಪಬ್ಲಿಕಾ ಪತ್ರಕರ್ತರು ಫ್ಲೋರಿಡಾದ ಬ್ರೊವಾರ್ಡ್ ಕೌಂಟಿಯಲ್ಲಿ ಬಂಧಿತರಾಗಿದ್ದ 7,000ಕ್ಕೂ ಹೆಚ್ಚು ಜನರ ಅಂಕ ತರಿಸಿ, ಮುಂದಿನ ಎರಡು ವರ್ಷ ಏನಾಯಿತು ಅಂತ ತಾಳೆ ನೋಡಿದರು. ಮತ್ತೆ ಯಾವ ಕೇಸಿಗೂ ಸಿಗದ ಕಪ್ಪು ಜನರಲ್ಲಿ ಶೇ. 44.9 ಮಂದಿಗೆ ಹೆಚ್ಚು ಅಪಾಯದವರೆಂಬ ಹಣೆಪಟ್ಟಿ. ಬಿಳಿಯರಲ್ಲಿ ಶೇ. 23.5.

ಕಂಪನಿ ಏನಂತು? ಒಂದೇ ಅಂಕ ಬಂದ ಕಪ್ಪು, ಬಿಳಿ ಇಬ್ಬರೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಮತ್ತೆ ಸಿಕ್ಕಿಬಿದ್ದಿದ್ದಾರೆ, ಭೇದ ಎಲ್ಲಿದೆ? ಲೆಕ್ಕ ಸುಳ್ಳಲ್ಲ. ಆದರೆ ಯಂತ್ರ ಅಳೆಯೋದು ಅಪರಾಧವನ್ನಲ್ಲ, ಬಂಧನವನ್ನ. ಪೊಲೀಸ್ ಜೀಪು ಯಾವ ಕೇರಿಗೆ ದಿನಾ ಬರುತ್ತೋ ಅಲ್ಲೇ ಬಂಧನ ಜಾಸ್ತಿ.

ನಮಗಿದು ಹೊಸದಾ? 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಗೆ ಹುಟ್ಟೇ ಅಪರಾಧ. 1952ರಲ್ಲಿ ಅದು ರದ್ದಾಯಿತು, 'ರೂಢಿಗತ ಅಪರಾಧಿ' ಕಾನೂನುಗಳ ಹೆಸರಲ್ಲಿ ಆ ಅನುಮಾನ ಉಳಿಯಿತು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್, ಜೈಲು ರಿಜಿಸ್ಟರಿನಿಂದ ಜಾತಿ ಕಾಲಂ ತೆಗೆಯಿರಿ ಅಂತು. ಜಾತಿ ನೋಡಿ ಕಕ್ಕಸು ತೊಳೆಸುತ್ತಿದ್ದ ಜೈಲುಗಳಿಗೆ ಅದು ಬೇಕಿತ್ತು. ಆದರೆ ಒಂದು ಮಾತು ನೆನಪಿರಲಿ. ಬ್ರೊವಾರ್ಡ್‌ನ ಅನ್ಯಾಯ ಹಿಡಿಯಲು ಸಾಧ್ಯವಾಗಿದ್ದು ಅಲ್ಲಿನ ದಾಖಲೆಯಲ್ಲಿ ವರ್ಣ ಇದ್ದದ್ದರಿಂದ. ಕೈದಿಗೆ ಕೆಲಸ ಹಂಚೋಕೆ ಜಾತಿ ಬೇಡವೇ ಬೇಡ. ವ್ಯವಸ್ಥೆಯ ತಪ್ಪು ಎಣಿಸೋಕೆ ಬೇಕೇ ಬೇಕು.

ನಾಳೆ ಇಂಥ ಯಂತ್ರ ನಮ್ಮ ಜೈಲಿಗೂ ಬಂದರೆ "ಇದರಲ್ಲಿ ಜಾತಿಯೇ ಇಲ್ಲ" ಅಂತಾರೆ. ಆಗ ನಾವು ಕೇಳಬೇಕಾದ್ದು ಇಷ್ಟೇ: ಕೇರಿ ಇದೆಯಾ?

ಜೈ ಭೀಮ್.