ಲ್ಯಾಪ್‌ಟಾಪ್ ಮೆಮೊರಿಯ ಹೊಂದಾಣಿಕೆ

ಲ್ಯಾಪ್‌ಟಾಪ್ ಮೆಮೊರಿಯ ಹೊಂದಾಣಿಕೆ ಎಂದರೆ ಹೊಸದಾಗಿ ಅಳವಡಿಸುವ ಮೆಮೊರಿ ಮಾಡ್ಯೂಲ್ ಆ ಲ್ಯಾಪ್‌ಟಾಪಿನ ಸ್ಲಾಟಿಗೆ, ಅದರ ವೋಲ್ಟೇಜಿಗೆ ಹಾಗೂ ಮೆಮೊರಿ ನಿಯಂತ್ರಕಕ್ಕೆ ಸರಿಹೊಂದುವುದು. ಹಳೆಯ ಲ್ಯಾಪ್‌ಟಾಪನ್ನು ಇನ್ನೂ ಕೆಲವು ವರ್ಷ ಬಳಸಬಯಸುವವರಿಗೆ ಮೆಮೊರಿ ಹೆಚ್ಚಿಸುವುದು ಕಡಿಮೆ ಖರ್ಚಿನ ದಾರಿ. ಆದರೆ ಪೊಟ್ಟಣದ ಮೇಲಿನ ಗಿಗಾಬೈಟ್ ಸಂಖ್ಯೆಯನ್ನಷ್ಟೇ ನೋಡಿ ಕೊಂಡರೆ, ಮಾಡ್ಯೂಲ್ ಸ್ಲಾಟಿನಲ್ಲಿ ಸರಿಯಾಗಿ ಕುಳಿತರೂ ಯಂತ್ರ ಚಾಲನೆಗೊಳ್ಳದಿರುವ ಸಾಧ್ಯತೆಯುಂಟು. ಹೊಂದಾಣಿಕೆಯ ತೊಡಕುಗಳಲ್ಲಿ ಕೆಲವು ಮಾತ್ರ ಕಣ್ಣಿಗೆ ಕಾಣುವಂಥವು.

ಪೀಳಿಗೆಗಳು

ಲ್ಯಾಪ್‌ಟಾಪ್‌ಗಳಲ್ಲಿ ಬಳಕೆಯಾಗುವ ಮಾಡ್ಯೂಲಿನ ಆಕಾರಕ್ಕೆ ಎಸ್‌ಒ-ಡಿಮ್ ಎಂದು ಹೆಸರು. ಇದು ಮೇಜಿನ ಗಣಕದ ಡಿಮ್‌ನ ಸುಮಾರು ಅರ್ಧದಷ್ಟು ಉದ್ದವಿರುತ್ತದೆ. ಇದರ ಮಾನಕಗಳನ್ನು ಜೆಡೆಕ್ ಸಂಸ್ಥೆ ನಿಗದಿಪಡಿಸುತ್ತದೆ. ಡಿಡಿಆರ್ ಮತ್ತು ಡಿಡಿಆರ್2 ಮಾಡ್ಯೂಲ್‌ಗಳಿಗೆ 200, ಡಿಡಿಆರ್3ಕ್ಕೆ 204, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262 ಪಿನ್‌ಗಳಿರುತ್ತವೆ. ಒಂದು ಪೀಳಿಗೆಯದು ಮತ್ತೊಂದರ ಸ್ಲಾಟಿಗೆ ಸೇರದಂತೆ ಅಂಚಿನಲ್ಲಿರುವ ಕಚ್ಚಿನ ಸ್ಥಾನವನ್ನು ಬದಲಿಸಲಾಗಿದೆ. ಡಿಡಿಆರ್ ಮತ್ತು ಡಿಡಿಆರ್2ರ ಕಚ್ಚುಗಳ ಅಂತರ ಬಹಳ ಕಿರಿದು. ಆದ್ದರಿಂದ ಒತ್ತಿ ಕೂರಿಸಲು ಹೋಗಿ ಸ್ಲಾಟನ್ನೇ ಮುರಿಯುವ ಅಪಾಯವಿದೆ.

ಕಚ್ಚು ನೀಡುವ ರಕ್ಷಣೆ ಇಷ್ಟಕ್ಕೇ ಸೀಮಿತ. ಒಂದೇ ಪೀಳಿಗೆಯೊಳಗಿನ ವ್ಯತ್ಯಾಸಗಳನ್ನು ಅದು ತಡೆಯಲಾರದು.

ವೋಲ್ಟೇಜ್

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚು ಗೊಂದಲವುಂಟುಮಾಡುವುದು ಡಿಡಿಆರ್3 ಮತ್ತು ಡಿಡಿಆರ್3ಎಲ್‌ಗಳ ಭೇದ. ಮೊದಲನೆಯದು 1.5 ವೋಲ್ಟಿನಲ್ಲಿಯೂ ಎರಡನೆಯದು 1.35 ವೋಲ್ಟಿನಲ್ಲಿಯೂ ಕೆಲಸ ಮಾಡುತ್ತದೆ. ಎರಡಕ್ಕೂ 204 ಪಿನ್, ಕಚ್ಚೂ ಒಂದೇ ಕಡೆ. 2013ರಲ್ಲಿ ಬಂದ ಇಂಟೆಲ್‌ನ ನಾಲ್ಕನೆಯ ಪೀಳಿಗೆಯ ಕೋರ್ ಪ್ರೊಸೆಸರ್‌ಗಳುಳ್ಳ ಲ್ಯಾಪ್‌ಟಾಪ್‌ಗಳಿಗೆ ಸಾಮಾನ್ಯವಾಗಿ ಡಿಡಿಆರ್3ಎಲ್ ಅಗತ್ಯ. ಅವುಗಳಲ್ಲಿ 1.5 ವೋಲ್ಟಿನ ಮಾಡ್ಯೂಲ್ ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯಬಹುದು. ಇದಕ್ಕೆ ವ್ಯತಿರಿಕ್ತವಾಗಿ, ಡಿಡಿಆರ್3ಎಲ್ ಮಾಡ್ಯೂಲ್‌ಗಳನ್ನು 1.5 ವೋಲ್ಟಿನಲ್ಲಿಯೂ ನಡೆಯುವಂತೆ ರೂಪಿಸಲಾಗಿರುವುದರಿಂದ ಹಳೆಯ ಡಿಡಿಆರ್3 ಯಂತ್ರಗಳಲ್ಲಿಯೂ ಅವನ್ನು ಬಳಸಬಹುದು. ಯಾವುದು ಬೇಕೆಂದು ಸಂದೇಹವಿದ್ದಾಗ ಡಿಡಿಆರ್3ಎಲ್ ಆರಿಸುವುದು ಕ್ಷೇಮವೆನ್ನಲು ಇದೇ ಕಾರಣ.

ಚಿಪ್‌ಗಳ ಸಾಂದ್ರತೆ

ಪೀಳಿಗೆ, ವೋಲ್ಟೇಜ್ ಎರಡೂ ಸರಿಯಿದ್ದು, ಅಂಗಡಿಯಲ್ಲಿ ಪರೀಕ್ಷಿಸಿ ಕೊಟ್ಟ ಮಾಡ್ಯೂಲ್ ಮನೆಯ ಯಂತ್ರದಲ್ಲಿ ಮಾತ್ರ ನಡೆಯದಿದ್ದರೆ ಕಾರಣವನ್ನು ಇಲ್ಲಿ ಹುಡುಕಬೇಕಾಗುತ್ತದೆ. ಒಂದು ಬೈಟಿಗೆ 8 ಬಿಟ್‌ಗಳಾದ್ದರಿಂದ 4 ಗಿಗಾಬೈಟಿನ ಮಾಡ್ಯೂಲಿನಲ್ಲಿ 32 ಗಿಗಾಬಿಟ್‌ಗಳಿರುತ್ತವೆ. ಇದನ್ನು 2 ಗಿಗಾಬಿಟ್‌ನ 16 ಚಿಪ್‌ಗಳಿಂದಲೂ ಮಾಡಬಹುದು, 4 ಗಿಗಾಬಿಟ್‌ನ 8 ಚಿಪ್‌ಗಳಿಂದಲೂ ಮಾಡಬಹುದು. ಚೀಟಿಯ ಮೇಲೆ ಮೊದಲನೆಯದನ್ನು 2ಆರ್×8 ಎಂದೂ ಎರಡನೆಯದನ್ನು 1ಆರ್×8 ಎಂದೂ ನಮೂದಿಸಿರುತ್ತಾರೆ. ಎರಡರ ಧಾರಣಶಕ್ತಿಯೂ ಒಂದೇ. ಆದರೆ ಹಳೆಯ ನಿಯಂತ್ರಕಗಳಲ್ಲಿ ಕೆಲವು 4 ಗಿಗಾಬಿಟ್‌ನ ಚಿಪ್ಪನ್ನು ಗುರುತಿಸಲಾರವು. ಅಂತಹ ಯಂತ್ರದಲ್ಲಿ 16 ಚಿಪ್‌ಗಳ ಮಾಡ್ಯೂಲ್ ನಡೆಯುತ್ತದೆ, 8 ಚಿಪ್‌ಗಳದು ನಡೆಯುವುದಿಲ್ಲ. ಬೆಲೆ ಅಥವಾ ಕಂಪನಿಯ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ.

ಇದೇ ತೊಡಕು ಮುಂದಿನ ಹಂತದಲ್ಲಿಯೂ ಕಾಣಿಸಿಕೊಂಡಿತು. 16 ಗಿಗಾಬೈಟಿನ ಡಿಡಿಆರ್3ಎಲ್ ಮಾಡ್ಯೂಲಿಗೆ 8 ಗಿಗಾಬಿಟ್‌ನ ಚಿಪ್‌ಗಳು ಬೇಕು. ಹ್ಯಾಸ್‌ವೆಲ್ ಎಂಬ ಸಂಕೇತನಾಮದ ನಾಲ್ಕನೆಯ ಪೀಳಿಗೆಯವರೆಗಿನ ಇಂಟೆಲ್ ಕೋರ್ ಪ್ರೊಸೆಸರ್‌ಗಳು ಇವನ್ನು ಬೆಂಬಲಿಸುವುದಿಲ್ಲ. ಹೀಗಾಗಿ ಎರಡು ಸ್ಲಾಟ್‌ಗಳ ಹ್ಯಾಸ್‌ವೆಲ್ ಲ್ಯಾಪ್‌ಟಾಪಿಗೆ 8 ಗಿಗಾಬೈಟಿನ ಎರಡು, ಅಂದರೆ ಒಟ್ಟು 16 ಗಿಗಾಬೈಟ್ ಮಿತಿಯಾಗುತ್ತದೆ.

ಗರಿಷ್ಠ ಮಿತಿ

ಮಿತಿಯನ್ನು ಹೇರುವುದು ಪ್ರೊಸೆಸರ್ ಒಂದೇ ಅಲ್ಲ. ಇಂಟೆಲ್ 945ಜಿಎಂ ಚಿಪ್‌ಸೆಟ್ಟಿನ ಲ್ಯಾಪ್‌ಟಾಪ್‌ಗಳಲ್ಲಿ 4 ಗಿಗಾಬೈಟ್ ಅಳವಡಿಸಿದರೂ ಬಳಕೆಗೆ ದೊರೆಯುವುದು 3 ಗಿಗಾಬೈಟಿಗಿಂತ ಸ್ವಲ್ಪವೇ ಹೆಚ್ಚು. 32 ಬಿಟ್‌ನ ವಿಂಡೋಸ್ 7ರಲ್ಲಿಯೂ ಮಿತಿ 4 ಗಿಗಾಬೈಟ್. ಭಾರತದಲ್ಲಿ ಮಾರಾಟವಾದ ವಿಂಡೋಸ್ 7 ಹೋಮ್ ಬೇಸಿಕ್‌ನ 64 ಬಿಟ್ ಆವೃತ್ತಿ 8 ಗಿಗಾಬೈಟಿನವರೆಗೆ ಮಾತ್ರ ಬಳಸಬಲ್ಲದು. ಇಂತಹ ಸಂದರ್ಭದಲ್ಲಿ ದೋಷ ಮೆಮೊರಿಯದಲ್ಲ. ಮಾಡ್ಯೂಲನ್ನು ಹಿಂದಿರುಗಿಸುವ ಮುನ್ನ ಕಾರ್ಯಾಚರಣಾ ವ್ಯವಸ್ಥೆಯನ್ನು ಪರಿಶೀಲಿಸುವುದು ಲೇಸು.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಆಪಲ್‌ನ ಮ್ಯಾಕ್‌ಬುಕ್ ಏರ್ ಹಾಗೂ 2012ರಲ್ಲಿ ಆರಂಭವಾದ ರೆಟಿನಾ ಪರದೆಯ ಮ್ಯಾಕ್‌ಬುಕ್ ಪ್ರೊ ಇದಕ್ಕೆ ಉದಾಹರಣೆಗಳು. ಲೆನೊವೊ ಥಿಂಕ್‌ಪ್ಯಾಡ್ ಟಿ440ಎಸ್‌ನಲ್ಲಿ 4 ಗಿಗಾಬೈಟ್ ಬೆಸೆಯಲ್ಪಟ್ಟಿದ್ದು, ಜೊತೆಗೆ ಒಂದು ಸ್ಲಾಟ್ ಮಾತ್ರ ಇದೆ. ಅದರಲ್ಲಿ 8 ಗಿಗಾಬೈಟ್ ಹಾಕಿದರೆ ಒಟ್ಟು 12 ಆಗುತ್ತದೆ.

ಗರಿಷ್ಠ ಮಿತಿಯೇ 4 ಗಿಗಾಬೈಟ್ ಆಗಿರುವ ಹಳೆಯ ಯಂತ್ರದಲ್ಲಿ ತಿರುಗುವ ಹಾರ್ಡ್‌ಡಿಸ್ಕ್ ಇನ್ನೂ ಇದ್ದರೆ, ಮೆಮೊರಿಗೆ ಹಾಕುವ ಹಣವನ್ನು ಎಸ್‌ಎಸ್‌ಡಿಗೆ ಹಾಕುವುದರಿಂದ ಹೆಚ್ಚಿನ ಪ್ರಯೋಜನ ದೊರೆಯುತ್ತದೆ.

ವೇಗ

ವೇಗದ ವಿಷಯದಲ್ಲಿ ಅಷ್ಟು ಆತಂಕ ಬೇಕಿಲ್ಲ. ಡಿಡಿಆರ್3-1600 ಮಾಡ್ಯೂಲನ್ನು ಪಿಸಿ3-12800 ಎಂದೂ ಕರೆಯುತ್ತಾರೆ. 1600ನ್ನು 8 ಬೈಟ್‌ಗಳಿಂದ ಗುಣಿಸಿದಾಗ ಬರುವ ಸಂಖ್ಯೆಯದು. ಸಾಮಾನ್ಯವಾಗಿ, ಬೇರೆ ಬೇರೆ ವೇಗದ ಎರಡು ಮಾಡ್ಯೂಲ್‌ಗಳು ಜೊತೆಗಿದ್ದರೆ ಎರಡೂ ನಿಧಾನದ್ದರ ವೇಗದಲ್ಲಿ ನಡೆಯುತ್ತವೆ. ಸಮಾನ ಧಾರಣಶಕ್ತಿಯ ಜೋಡಿಯನ್ನು ಹಾಕಿದರೆ ನಿಯಂತ್ರಕವು ಎರಡು ಚಾನೆಲ್‌ಗಳನ್ನು ಒಟ್ಟಿಗೆ ಬಳಸುವುದರಿಂದ ಸ್ವಲ್ಪ ಲಾಭವಿದೆ.

ಕೊಳ್ಳುವ ಮುನ್ನ

ಅತ್ಯಂತ ವಿಶ್ವಾಸಾರ್ಹ ಆಧಾರವೆಂದರೆ ಈಗಾಗಲೇ ಯಂತ್ರದೊಳಗಿರುವ ಮಾಡ್ಯೂಲಿನ ಚೀಟಿ. ಉದಾಹರಣೆಗೆ, 4ಜಿಬಿ 2ಆರ್×8 ಪಿಸಿ3ಎಲ್-12800ಎಸ್ ಎಂಬ ಬರಹದಲ್ಲಿ ಧಾರಣಶಕ್ತಿ, ಚಿಪ್‌ಗಳ ಜೋಡಣೆ, ಪೀಳಿಗೆ, ಕಡಿಮೆ ವೋಲ್ಟೇಜ್ ಮತ್ತು ವೇಗ ಎಲ್ಲವೂ ಅಡಗಿವೆ. ‘ಎಲ್’ ಅಕ್ಷರವೇ 1.35 ವೋಲ್ಟಿನ ಸೂಚನೆ. ಮುಚ್ಚಳ ತೆಗೆಯದೆ ತಿಳಿಯಬೇಕಾದರೆ ವಿಂಡೋಸ್‌ನಲ್ಲಿ ಸಿಪಿಯು-ಝಡ್ ತಂತ್ರಾಂಶವನ್ನೂ ಲಿನಕ್ಸ್‌ನಲ್ಲಿ ಡಿಎಂಐಡಿಕೋಡ್ ಆದೇಶವನ್ನೂ ಬಳಸಬಹುದು. ಆದರೆ ಡಿಎಂಐಡಿಕೋಡ್ ತೋರಿಸುವ ಗರಿಷ್ಠ ಮಿತಿ ಬಯಾಸ್‌ನಲ್ಲಿ ಬರೆದಿಟ್ಟ ಮಾಹಿತಿಯಾದ್ದರಿಂದ ಕೆಲವೊಮ್ಮೆ ತಪ್ಪಾಗಿರುತ್ತದೆ. ತಯಾರಕರ ಸೇವಾ ಕೈಪಿಡಿಯೊಂದಿಗೆ ಅದನ್ನು ಹೋಲಿಸಿ ನೋಡಬೇಕು. ‘ಎಲ್ಲ ಲ್ಯಾಪ್‌ಟಾಪಿಗೂ ಆಗುತ್ತದೆ’ ಎಂಬ ಅಂಗಡಿಯ ಭರವಸೆಗಿಂತ ಹಿಂದಿರುಗಿಸಲು ಅವಕಾಶವಿರುವ ರಸೀದಿ ಹೆಚ್ಚು ಉಪಯುಕ್ತ.

ಅಳವಡಿಕೆ

ಚಾರ್ಜರ್ ಕಳಚಿ, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಸ್ಥಿರ ವಿದ್ಯುತ್ ಹರಿದುಹೋಗುವಂತೆ ಲೋಹದ ವಸ್ತುವೊಂದನ್ನು ಮುಟ್ಟಿದ ಬಳಿಕವೇ ಮಾಡ್ಯೂಲನ್ನು ಅಂಚಿನಲ್ಲಿ ಹಿಡಿಯಬೇಕು. ಅದನ್ನು ಓರೆಯಾಗಿ ಸ್ಲಾಟಿನೊಳಕ್ಕೆ ತೂರಿಸಿ, ಎರಡೂ ಬದಿಯ ಕ್ಲಿಪ್‌ಗಳು ಕಚ್ಚಿಕೊಳ್ಳುವವರೆಗೆ ಕೆಳಕ್ಕೆ ಒತ್ತಲಾಗುತ್ತದೆ. ಯಂತ್ರ ಚಾಲನೆಗೊಳ್ಳದಿದ್ದರೆ ಮೊದಲು ಹೊಸ ಮಾಡ್ಯೂಲೊಂದನ್ನೇ ಹಾಕಿ, ಬಳಿಕ ಸ್ಲಾಟ್ ಬದಲಿಸಿ ನೋಡುವುದು ವಾಡಿಕೆ. ಚಾಲನೆಗೊಂಡ ಮೇಲೂ ಮೆಮ್‌ಟೆಸ್ಟ್86 ಎಂಬ ಪರೀಕ್ಷಾ ತಂತ್ರಾಂಶವನ್ನು ಒಂದು ರಾತ್ರಿ ನಡೆಸಿದರೆ, ಆಗಾಗ ಮಾತ್ರ ತಲೆದೋರುವ ದೋಷಗಳು ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಗೊತ್ತಾಗುವ ಸಂಭವ ಹೆಚ್ಚು.