ಕೆಂಪು ಬಣ್ಣ ಬಿದ್ದಿದ್ದು ಒಬ್ಬನ ಮೇಲೆ

1992ರ ಮೇ 31. ಲಂಡನ್ನಿನ ಸೇಂಟ್ ಕ್ಲೆಮೆಂಟ್ ಡೇನ್ಸ್ ಚರ್ಚ್ ಮುಂದೆ ಒಂದು ಪ್ರತಿಮೆ ಅನಾವರಣ. ಪರದೆ ಸರಿಸಲು ಬಂದವರು ರಾಣಿ ಎಲಿಜಬೆತ್ ಅವರ ತಾಯಿ. ನೆರೆದವರಲ್ಲೇ ಕೆಲವರು ಧಿಕ್ಕಾರ ಕೂಗಿದರು. ಆಮೇಲೆ ಯಾರೋ ಪ್ರತಿಮೆಗೆ ಕೆಂಪು ಬಣ್ಣ ಎರಚಿದರು. ಆ ತಾರೀಖು ಗಮನಿಸಿ. ಸರಿಯಾಗಿ 50 ವರ್ಷ ಹಿಂದೆ, ಅದೇ ಮೇ 30-31ರ ರಾತ್ರಿ, ಸಾವಿರಕ್ಕೂ ಹೆಚ್ಚು ಬ್ರಿಟಿಷ್ ವಿಮಾನಗಳು ಜರ್ಮನಿಯ ಕಲೋನ್ ನಗರದ ಮೇಲೆ ಬಾಂಬ್ ಸುರಿಯಲು ಹೊರಟಿದ್ದವು. ಕಳಿಸಿದವನೇ ಈ ಪ್ರತಿಮೆಯ ಮನುಷ್ಯ, ಆರ್ಥರ್ ಹ್ಯಾರಿಸ್. ಪತ್ರಿಕೆಗಳಿಗೆ ಬಾಂಬರ್ ಹ್ಯಾರಿಸ್. ಅವನ ಹುಡುಗರಿಗೇ 'ಬುಚ್', ಅಂದ್ರೆ ಕಟುಕ.

ಊರಿಗೆ ಊರೇ ಸುಡುವ ಐಡಿಯಾ ಇವನದ್ದೇ ಅಂತ ಬಹಳ ಜನ ನಂಬಿದ್ದಾರೆ. ಅಲ್ಲ. 1941ರಲ್ಲಿ ಬಂದ ಬಟ್ ವರದಿ ಬ್ರಿಟನ್ನಿನ ಮಾನ ಕಳೆದಿತ್ತು. ಗುರಿಗೆ ಹೊಡೆದು ಬಂದೆವು ಎಂದವರಲ್ಲಿ ಮೂರರಲ್ಲೊಬ್ಬ ಮಾತ್ರ ಗುರಿಯಿಂದ ಐದು ಮೈಲಿ ಒಳಗೆ ತಲುಪಿದ್ದ! ಕತ್ತಲಲ್ಲಿ ಕಾರ್ಖಾನೆ ಸಿಗುತ್ತಿಲ್ಲ. ಹಾಗಾದ್ರೆ ಏನು ಸಿಗುತ್ತೆ? ಇಡೀ ಊರು. 1942ರ ಫೆಬ್ರವರಿ 14ಕ್ಕೆ ಆದೇಶ ಹೊರಬಿತ್ತು. ಹ್ಯಾರಿಸ್ ಬಾಂಬರ್ ಕಮಾಂಡ್ ಮುಖ್ಯಸ್ಥನಾಗಿ ಬಂದಿದ್ದು ಅದಾದ ಮೇಲೆ.

ಹಾಗಂತ ಅವನನ್ನ ಬಿಟ್ಟುಬಿಡೋಕಾಗಲ್ಲ. ಬೇರೆಯವರಿಗೆ ಅನಿವಾರ್ಯವಾಗಿದ್ದದ್ದು ಇವನಿಗೆ ಸಿದ್ಧಾಂತವಾಯಿತು. 1943ರ ಜುಲೈನಲ್ಲಿ ಹ್ಯಾಂಬರ್ಗ್‌ನಲ್ಲಿ ಬೆಂಕಿಯ ಬಿರುಗಾಳಿಯೇ ಎದ್ದು ಸುಮಾರು 37 ಸಾವಿರ ಜನ ಸತ್ತರು. ನಿಖರವಾಗಿ ಹೊಡೆಯುವ ಸಾಧನಗಳು ಬಂದ ಮೇಲೂ, 'ಮೊದಲು ತೈಲ ಘಟಕ ಹೊಡಿ' ಎಂದ ಮೇಲಧಿಕಾರಿ ಪೋರ್ಟಲ್ ಜೊತೆ ಹ್ಯಾರಿಸ್ ಜಗಳಕ್ಕೆ ನಿಂತ. ರಾಜೀನಾಮೆಯ ಬೆದರಿಕೆಯನ್ನೂ ಹಾಕಿದ. ನನ್ನ ಪ್ರಕಾರ ಅವನ ನಿಜವಾದ ತಪ್ಪು ಇದು.

ಇಂಜಿನಿಯರಿಂಗ್ ಓದಿದ ನನ್ನನ್ನು ಕಾಡುವ ಸಂಗತಿ ಬೇರೆ. ಮುಂದೆ ಜಗತ್ಪ್ರಸಿದ್ಧ ವಿಜ್ಞಾನಿಯಾದ ಫ್ರೀಮನ್ ಡೈಸನ್ ಆಗ ಬಾಂಬರ್ ಕಮಾಂಡ್‌ನಲ್ಲಿ ಅಂಕಿಅಂಶ ನೋಡುತ್ತಿದ್ದ ಹುಡುಗ. ಹೊಡೆತ ತಿಂದ ಅಮೆರಿಕನ್ ಬಾಂಬರ್‌ನಿಂದ ಸುಮಾರು ಅರ್ಧದಷ್ಟು ಮಂದಿ ಪ್ಯಾರಾಚೂಟ್‌ನಲ್ಲಿ ಬಚಾವಾಗುತ್ತಿದ್ದರು. ಲ್ಯಾಂಕಾಸ್ಟರ್‌ನಿಂದ ಬರೀ ಶೇ. 15. ಕಾರಣ? ಹಾರಿಕೊಳ್ಳಬೇಕಾದ ಕಿಂಡಿಯ ಅಗಲ 22 ಇಂಚು. ದಪ್ಪ ಉಡುಪು ಹಾಕಿ, ಪ್ಯಾರಾಚೂಟ್ ಕಟ್ಟಿಕೊಂಡವನು ಕತ್ತಲಲ್ಲಿ, ಉರಿಯುವ ವಿಮಾನದಲ್ಲಿ ಅದರೊಳಗೆ ತೂರಬೇಕು. ಒಂದೆರಡು ಇಂಚು ಹಿಗ್ಗಿಸಬಹುದಿತ್ತು ಅಲ್ವಾ? 1,25,000 ವಿಮಾನ ಸಿಬ್ಬಂದಿಯಲ್ಲಿ 55,573 ಮಂದಿ ವಾಪಸ್ ಬರಲಿಲ್ಲ. ಎಲ್ಲರೂ ಸ್ವಯಂಸೇವಕರು.

ಇನ್ನು ರಾಜಕಾರಣಿ. 1945ರ ಜನವರಿಯಲ್ಲಿ ಪೂರ್ವ ಜರ್ಮನಿಯ ನಗರಗಳಿಗೆ ಹೊಡೆಯಿರಿ ಅಂತ ಅವಸರ ಮಾಡಿದವರು ಪ್ರಧಾನಿ ಚರ್ಚಿಲ್. ಫೆಬ್ರವರಿಯಲ್ಲಿ ಡ್ರೆಸ್ಡೆನ್ ಸುಟ್ಟಿತು, ಸುಮಾರು 25 ಸಾವಿರ ಸಾವು. ಮಾರ್ಚ್ 28ಕ್ಕೆ ಅದೇ ಚರ್ಚಿಲ್, ಭಯ ಹುಟ್ಟಿಸಲೆಂದೇ ನಡೆಸುವ ಈ ದಾಳಿಗಳನ್ನು ಮರುಪರಿಶೀಲಿಸಬೇಕು ಎಂದು ಟಿಪ್ಪಣಿ ಬರೆದರು! ವಾಯುಪಡೆ ಸಿಡಿದೆದ್ದ ಮೇಲೆ ಅದನ್ನ ವಾಪಸ್ ಪಡೆದು ಮೆದು ಭಾಷೆಯಲ್ಲಿ ಮತ್ತೆ ಬರೆದರು. ಮೇ 13ರ ವಿಜಯ ಭಾಷಣದಲ್ಲಿ ಬಾಂಬರ್ ಕಮಾಂಡ್ ಹೆಸರೇ ಇಲ್ಲ.

ಹುಡುಗರಿಗೆ ಪ್ರತ್ಯೇಕ ಪದಕ ಕೊಡಿ ಅಂತ ಹ್ಯಾರಿಸ್ ಕೇಳಿದ. ಕೊಡಲಿಲ್ಲ. ಕೊನೆಗೆ 2013ರಲ್ಲಿ, ಪದಕದ ಪಟ್ಟಿಗೆ ಸಿಕ್ಕಿಸುವ ಒಂದು ಸಣ್ಣ ಲೋಹದ ಪಟ್ಟಿ ಕೊಟ್ಟರು. ಹ್ಯಾರಿಸ್ ಸತ್ತು ಆಗಲೇ 29 ವರ್ಷವಾಗಿತ್ತು. ಬದುಕುಳಿದಿದ್ದ ಹುಡುಗರಿಗೆ ತೊಂಬತ್ತರ ಆಸುಪಾಸು.